ಟವೆಲಿನ ಕೆಳಗಿನ ವ್ಯಾಪಾರ

ಕಣ್ಣೆರಡೂ ನೆಟ್ಟಗಿದ್ದು ಕಂಪ್ಯೂಟರಿನ ಮುಖ ನೋಡದೆ ಕಂಪ್ಯೂಟರ್ ಕೆಲಸ ಮಾಡುವ ಮಹಾನುಭಾವರು ಇಡೀ ಬಳ್ಳಾರಿಯಲ್ಲಿ ಒಬ್ಬರೇ. ಅವರು ನನ್ನ ಷಡ್ಡಕರು! ಹೆಂಡತಿಯ ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ಅವರ ಹುಚ್ಚನ್ನು ಸಹಿಸಿಕೊಂಡಿದ್ದೇನೆ ಅಂದುಕೊಳ್ಳಬೇಡಿ. ಅವರ ಮನೆಯ ಮಂಡಕ್ಕಿ ಒಗ್ಗರಣೆ, ಮಿರ್ಚಿಯೂ ಒಂದು ಕಾರಣ.

ಅವರ ಮಾಳಿಗೆಯ ಮೇಲೊಂದು ಹತ್ತಡಿ ಕೋಣೆ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ದಿಂಡು ಬಡಿದಿದ್ದಾರೆ. ಆ ದಿಂಡಿನೊಳಗೆ ತುಂಬಿರುವುದು ನನ್ನ ಜೀನ್ಸ್ ಶೆಡ್ಡಿನ ಚಿಂದಿ. ಗುಂಡಿ ಹಚ್ಚುವ ಕೂಲಿಯಿಂದ ಹದಿನಾಲ್ಕು ಮಷೀನಿನ ಮಾಲೀಕನಾದವನು ನಾನು; ಚಿಂದಿಯನ್ನೂ ಪುಕ್ಕಟೆ ಕೊಟ್ಟವನಲ್ಲ, ಒಗ್ಗರಣೆಗೆ ವಿನಿಮಯ ಮಾಡಿಕೊಂಡಿದ್ದೇನೆ! ಆ ಕೋಣೆಯಲ್ಲಿ ಭಜನೆ, ಮದುವೆ ಹಾಡು ಎಲ್ಲ ರೆಕಾರ್ಡ್ ಆಗುತ್ತವೆ. ಹೊಲಿದ ಪ್ಯಾಂಟನ್ನು ತೊಳೆದು, ಇಸ್ತ್ರಿ ಹೊಡೆದು ಅಂಗಡಿಗೆ ಕಳಿಸುತ್ತೇವಲ್ಲ, ಹಾಗೆ ಹಾಡಿಗೆ ಕಟ್ಟಕಡೆಯ ಇಸ್ತ್ರಿ ಹೊಡೆಯುವುದಕ್ಕೆ ಮಾಸ್ಟರಿಂಗ್ ಅನ್ನುತ್ತಾರೆ. ಅದಕ್ಕೆ ಕಂಪ್ಯೂಟರಿನೊಳಗೆ ಹಾಕಿಕೊಳ್ಳುವ ಬಗೆಬಗೆಯ ತಂತ್ರಾಂಶಗಳೇ ಪ್ಲಗ್-ಇನ್‌ಗಳು. ಒಂದು ಕೊಂಡರೆ ಮುಗಿಯಿತಲ್ಲ? ನಮ್ಮ ಷಡ್ಡಕರಿಗೆ ಮುಗಿಯುವುದಿಲ್ಲ!

ಈ ಸಲವಂತೂ ಹಾಡು ಅವರ ಸ್ವಂತ ಅಕ್ಕನದು. ತಾಯಿಯಿಲ್ಲದ ತಮ್ಮನನ್ನು ಕುರುಗೋಡಿನ ಮನೆಯಲ್ಲಿ ಬೀಸುವ ಪದ ಹೇಳುತ್ತ ಸಾಕಿದ ಅಕ್ಕ. ಈಗ ಆ ಅಕ್ಕನ ಕಿವಿ ಮಂದ. ಕಿವಿಗಿಡುವ ಯಂತ್ರ ಸಿಳ್ಳೆ ಹೊಡೆಯುತ್ತದೆಂದು ಸಾಸಿವೆ ಡಬ್ಬಿಯ ಪಕ್ಕ ಇಟ್ಟುಬಿಟ್ಟಿದ್ದಾರೆ. "ನನ್ನ ದನಿ ನನಗ ಕೇಳ್ಸವಲ್ದು, ಯಾಕ ಹಾಡ್ಲಿ?" ಎಂದು ಹಾಡುವುದನ್ನೂ ಬಿಟ್ಟಿದ್ದರು. ತಮ್ಮ ಕಾಡಿಬೇಡಿ ಒಂದೇ ಒಂದು ಪದ ಹಾಡಿಸಿಕೊಂಡು ಬಂದರು. ಆ ದನಿಯನ್ನು ಅಕ್ಕನ ಕಿವಿಗೆ ಮುಟ್ಟಿಸುವ ಪ್ಲಗ್-ಇನ್ ಯಾವುದು? ಅದೇ ಹುಡುಕಾಟ.

ಹುಡುಕುವ ರೀತಿ ಕೇಳಿ. ಪ್ಲಗ್-ಇನ್ ತೆರೆದರೆ ಪರದೆಯ ಮೇಲೆ ಬಂಗಾರದ ಬಣ್ಣದ ತಿರುಪುಗಳು, ಕುಣಿಯುವ ಮುಳ್ಳುಗಳು. ಇವರು ಅದರ ಮೇಲೆ ಟವೆಲ್ ಹೊದಿಸಿಬಿಡುತ್ತಾರೆ!

"ಕಣ್ಣು ಕಿವಿಗೆ ಲಂಚ ಕೊಡ್ತೈತಿ ತಮ್ಮಾ," ಎಂದು ಕಾರಣ ಹೇಳುತ್ತಾರೆ.

ನಾನು ಟವೆಲಿನೊಳಗೆ ತಲೆ ತೂರಿಸಿ ಒಂದನ್ನು ತೆಗೆದು ಇನ್ನೊಂದನ್ನು ಹಾಕಬೇಕು. ಅವರು ಕಣ್ಣು ಮುಚ್ಚಿ ಕೇಳಿ, ಮೊದಲನೆಯದು ಮೇಲಾದರೆ ಒಂದು ಬೆರಳು, ಎರಡನೆಯದು ಮೇಲಾದರೆ ಎರಡು ಬೆರಳು ಎತ್ತುತ್ತಾರೆ. ನಮ್ಮಪ್ಪನೂ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಎತ್ತಿನ ವ್ಯಾಪಾರ ಕುದುರಿಸುತ್ತಿದ್ದ. ಆದರೆ ಎತ್ತಾದರೂ ಕಣ್ಣಿಗೆ ಕಾಣುತ್ತಿತ್ತು! ಒಮ್ಮೆ ಪರೀಕ್ಷೆ ಮಾಡೋಣವೆಂದು ಏನನ್ನೂ ಬದಲಿಸದೆ, ಬದಲಿಸಿದೆ ಎಂದೆ. ಅವರು ಹಾಡು ಮುಗಿಯುವ ತನಕ ಕೇಳಿ, "ಹಾಡು ಅದ ಐತಿ. ಬದಲಾಗಿದ್ದು ನಿನ್ನ ದನಿ," ಅಂದರು.

ಹಾಡಿನ ನಡುವೆ ಬಳೆಯ ಸದ್ದೊಂದಿತ್ತು. ಬೀಸುವ ಪದ ಹೇಳುವಾಗ ಕೈ ತಿರುಗದಿದ್ದರೆ ಅಕ್ಕನಿಗೆ ಸಾಲೇ ನೆನಪಾಗುವುದಿಲ್ಲವಂತೆ. ಎದುರಿಗೆ ಬೀಸುಕಲ್ಲಿಲ್ಲದಿದ್ದರೂ ಕೈ ತಿರುಗಿಸಿದ್ದರು. ದಾರ ಹೊರಗೆ ಬಂದ ಪ್ಯಾಂಟನ್ನು ನಾನು ಅಂಗಡಿಗೆ ಕಳಿಸುವುದಿಲ್ಲ, ಆ ಸದ್ದು ತೆಗೆಯಿರಿ ಎಂದೆ. "ಅದು ಇರ್ಲಿ. ಕಿವಿ ಮಂದಾದ್ರ ಸಣ್ಣ ಸದ್ದು ಮೊದಲು ಸಾಯ್ತಾವು. ಅಕ್ಕಗ ಬಳಿ ಕೇಳ್ಸಿದ್ರ ಎಲ್ಲಾ ಕೇಳ್ಸಿದಂಗ," ಅಂದರು.

ಮುಂದಿನ ಪರೀಕ್ಷೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ! ಅಷ್ಟು ಗದ್ದಲದಲ್ಲಿ ಕೇಳಿಸಿದ್ದು ಅಕ್ಕನಿಗೂ ಕೇಳಿಸೀತು ಎಂಬ ಲೆಕ್ಕ. ಬಾಗಿಲಲ್ಲಿ ಸ್ಪೀಕರ್ ಹಿಡಿದು, ಕಣ್ಣು ಮುಚ್ಚಿ, ತಲೆಗೆ ತವುಡು ಬೀಳಿಸಿಕೊಳ್ಳುತ್ತ ನಿಂತವರನ್ನು ನೋಡಿ ಗಿರಣಿಯವನು ಹರಕೆ ಹೊತ್ತವರಿರಬೇಕೆಂದು ಕೈ ಮುಗಿದ. ಅಂದು ಮೂರು ಪ್ಲಗ್-ಇನ್ ಫೇಲಾದವು. ನಾನು ಮಾತ್ರ ಬರಿಗೈಲಿ ಬರಲಿಲ್ಲ: ಎರಡು ಚೀಲ ಸೋನಾ ಮಸೂರಿ, ಪೇಟೆಗಿಂತ ಕಮ್ಮಿ ಬೆಲೆಗೆ!

ನಾಲ್ಕನೆಯದು ಗೆದ್ದಿತು. ಕೊಂಡುಬಿಡುತ್ತೇನೆಂದು ಹೊರಟರು. ನಾನು ಬಿಡುತ್ತೇನೆಯೇ? ನಿಮಗೂ ಹೇಳಿರುತ್ತೇನೆ: ಬೆಲೆ ಕೇಳಿದ ಮೇಲೆ ಅಂಗಡಿಯಿಂದ ಎರಡು ಹೆಜ್ಜೆ ಹೊರಗಿಡಿ, ಕರೆದೇ ಕರೆಯುತ್ತಾರೆ. ಆನ್‌ಲೈನ್ ಅಂಗಡಿಗೂ ಇದೇ ಸೂತ್ರ. ಬುಟ್ಟಿಗೆ ಹಾಕಿ ಕೊಳ್ಳದೆ ಬಿಟ್ಟರೆ ನಾಲ್ಕು ದಿನಕ್ಕೆ ರಿಯಾಯಿತಿಯ ಕಾಗದ ಬರುತ್ತದೆ. ಅಲ್ಲಿಯವರೆಗೆ ಪುಕ್ಕಟೆ ಟ್ರಯಲ್ ಸಾಕು ಎಂದೆ. ಟ್ರಯಲಿನಲ್ಲಿ ಒಂದೇ ಕೊರತೆ: ನಿಮಿಷಕ್ಕೊಮ್ಮೆ ನಾಲ್ಕು ಸೆಕೆಂಡು ಸದ್ದು ನಿಂತುಹೋಗುತ್ತದೆ. ಷಡ್ಡಕರು ತಲೆ ಕೆರೆದುಕೊಂಡರು. ಹಾಡುವವರು ಉಸಿರು ಎಳೆದುಕೊಂಡರು ಅಂದುಕೊಳ್ಳುತ್ತಾರೆ ಬಿಡಿ ಎಂದೆ. ಜನ್ಮದಲ್ಲಿ ಮೊದಲ ಸಲ ನನ್ನ ಮಾತು ಕೇಳಿದರು!

ಕುರುಗೋಡಿನಲ್ಲಿ ಅಕ್ಕ, ಲ್ಯಾಪ್‌ಟಾಪಿಗೆ ಜೋಡಿಸಿದ ಸ್ಪೀಕರಿಗೆ ಕೆನ್ನೆ ತಾಗಿಸಿ ಕುಳಿತರು. ಹಾಡು ಶುರುವಾಯಿತು. ಮೊದಲು ಹುಬ್ಬು ಮೇಲೇರಿತು. ಆಮೇಲೆ ತುಟಿ ಅಲ್ಲಾಡಿತು. ಬಲಗೈ ತಾನಾಗಿಯೇ ನೆಲದ ಮೇಲೆ ದುಂಡಗೆ ತಿರುಗತೊಡಗಿತು. ಆಗ ನಿಮಿಷ ತುಂಬಿ ಸದ್ದು ನಿಂತಿತು.

ಅಕ್ಕನ ಕೈಯೂ ನಿಂತಿತು. ಕಿವಿಯನ್ನು ಅಂಗೈಯಿಂದ ತಟ್ಟಿಕೊಂಡು ತಮ್ಮನ ಮುಖ ನೋಡಿದರು.

"ಮತ್ತ ಹೋತಲ್ಲೋ," ಅಂದರು.

ಷಡ್ಡಕರು ಗಡಬಡಿಸಿ ಹಾಡು ನಿಲ್ಲಿಸಿದರು. ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಚೆನ್ನಾಗಿತ್ತು. ನಾನು ಹೊರಗಿನ ಕಟ್ಟೆಗೆ ಬಂದು ಮೊಬೈಲ್ ತೆರೆದೆ. ರಿಯಾಯಿತಿ ಬಂದಿದೆಯೋ ಎಂದು ಕೂಡ ನೋಡಲಿಲ್ಲ. ಹೇಳಿದ ಬೆಲೆಗೆ ನಾನು ಈವರೆಗೆ ಕೊಂಡ ವಸ್ತು ಅದೊಂದೇ.

ಒಳಗೆ ಬಂದು ಮೊಬೈಲನ್ನು ಷಡ್ಡಕರ ಮುಂದಿಟ್ಟೆ. ಅವರು ಲ್ಯಾಪ್‌ಟಾಪಿನಲ್ಲಿ ಟ್ರಯಲ್ ತೆಗೆದು, ಕೊಂಡದ್ದನ್ನು ಕೂಡಿಸಿದರು. ಹಾಡು ಮೊದಲಿನಿಂದ ಮತ್ತೆ ಶುರುವಾಯಿತು. ಒಂದು ನಿಮಿಷ ದಾಟಿತು, ನಿಲ್ಲಲಿಲ್ಲ. ಎರಡು ದಾಟಿತು. ಮೂರನೆಯ ನುಡಿಗೆ ಅಕ್ಕ ಮುಖ ಗಂಟು ಹಾಕಿಕೊಂಡು ಕೈ ಎತ್ತಿದರು.

"ಬಳಿ ಸಪ್ಪಳ ಬಂದೈತಿ ನೋಡು. ಇಷ್ಟೆಲ್ಲಾ ಮಷೀನು ಇಟ್ಕೊಂಡು ಅದನ್ನ ತೆಗ್ಯಾಕ ಬರ್ಲಿಲ್ಲೇನು ನಿನಗ?"

ಷಡ್ಡಕರು ಹೆಗಲ ಮೇಲಿನ ಟವೆಲ್ ತೆಗೆದರು. ಈ ಸಲ ಅದನ್ನು ತಮ್ಮ ಮುಖಕ್ಕೇ ಹೊದ್ದುಕೊಂಡರು.