೭ ತಪ್ಪು, 7 ಸರಿ

ನವನಗರದ ಗುಡೂರ ಮಾಸ್ತರರಿಗೆ ಮನೆಯಲ್ಲಿ ತಮಗೆ ಸಲ್ಲಬೇಕಾದ ಮರ್ಯಾದೆ ಸಲ್ಲುತ್ತಿಲ್ಲವೆಂಬ ಕೊರಗು ಮದುವೆಯಾದ ಇಪ್ಪತ್ತೊಂದು ವರ್ಷದಿಂದಲೂ ಇತ್ತು. ಸಂಗಮೇಶ ಗುಡೂರ ಅವರು ಹುನಗುಂದದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವರು. ಅಲ್ಲಿ ಅವರು ವರಾಂಡದಲ್ಲಿ ಒಮ್ಮೆ ಕೆಮ್ಮಿದರೆ ಮೂರು ಕ್ಲಾಸು ಗಪ್‌ಚಿಪ್. ಪರೀಕ್ಷೆಯ ಕೋಣೆಗೆ ಕಾಲಿಟ್ಟರಂತೂ ಕಾಲರಿನಿಂದ, ಕಾಲುಚೀಲದಿಂದ, ಒಮ್ಮೆ ಒಬ್ಬ ಹುಡುಗನ ಕೈಗೆ ಕಟ್ಟಿದ್ದ ಬ್ಯಾಂಡೇಜಿನ ಒಳಗಿಂದಲೂ ಚೀಟಿ ಎಳೆದು ತೆಗೆದ ಮಹಾನುಭಾವರು. (ಹುಡುಗನ ಕೈ ನಿಜವಾಗಿಯೂ ಮುರಿದಿತ್ತು. ಚೀಟಿಯೂ ನಿಜವಾಗಿಯೂ ಇತ್ತು.) ಇಂಥ ಗಣಿತ ಸಾರ್ವಭೌಮರು ಸಂಜೆ ಬಸ್ಸಿಳಿದು ಮನೆಗೆ ಬಂದರೆ, ಹೆಂಡತಿ ಸುನಂದಾ ತಲೆಯನ್ನೂ ಎತ್ತದೆ, "ಕಾಲು ತೊಳಕೊಂಡು ಒಳಗ ಬರ್ರಿ" ಎನ್ನುತ್ತಿದ್ದಳು.

ಇದಕ್ಕೆ ಪ್ರತಿಯಾಗಿ ಮಾಸ್ತರರ ಬತ್ತಳಿಕೆಯಲ್ಲಿದ್ದ ಬಾಣ ಒಂದೇ. ಮಾತಿಗೆ ಮಾತು ಬೆಳೆದು ತಾವು ಸೋಲುವ ಲಕ್ಷಣ ಕಂಡಾಗ, ಕನ್ನಡಕ ತೆಗೆದು ಒರೆಸುತ್ತ, "ಬಿಡು, ನಿನಗ ಲೆಕ್ಕ ಬರಂಗಿಲ್ಲ" ಅಂದುಬಿಡುವುದು. ಜಗಳ ಲೆಕ್ಕದ ಬಗ್ಗೆಯೇ ಆಗಿರಬೇಕೆಂಬ ನಿಯಮವೇನೂ ಇರಲಿಲ್ಲ. ಬದನೆಕಾಯಿಗೆ ಉಪ್ಪು ಹೆಚ್ಚಾದಾಗಲೂ ಅದೇ, ಬಾದಾಮಿಯ ಬಸ್ಸು ತಪ್ಪಿಹೋದಾಗಲೂ ಅದೇ.

ಹೀಗಿರುವಾಗ ಮಗಳು ಧಾರವಾಡಕ್ಕೆ ಓದಲು ಹೋದಳು. ಪಿಯುಸಿ ಮುಗಿಸಿ ಮದುವೆಯಾಗಿ ಬಂದಿದ್ದ ಸುನಂದಾ, ನಲವತ್ತೊಂದನೆಯ ವಯಸ್ಸಿನಲ್ಲಿ, ಯಾರನ್ನೂ ಕೇಳದೆ ನವನಗರದ ಒಂದು ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ.ಗೆ ಹೆಸರು ಹಚ್ಚಿ ಬಂದಳು. ಮೂರು ಹೊಸ ನೋಟ್‌ಬುಕ್ಕು ತಂದು, ಖಾಕಿ ಹಾಳೆಯ ರಟ್ಟು ಹಾಕಿ, ಚೀಟಿ ಅಂಟಿಸಿ ಹೆಸರು ಬರೆದಳು. ಅತ್ತೆ ಗುರುಲಿಂಗವ್ವ ಅವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಛಲೋ ಆತು ಬಿಡ, ಈ ಮನ್ಯಾಗ ಇಬ್ಬರರ ಸಾಲಿ ಕಲತವ್ರು ಇರ್ಲಿ" ಎಂದರು. ಆ ಇಬ್ಬರಲ್ಲಿ ತಾವಿದ್ದೇವೆಯೋ, ಅದು ಸೊಸೆ ಮತ್ತು ಮೊಮ್ಮಗಳ ಲೆಕ್ಕವೋ ಎಂದು ಮಾಸ್ತರರಿಗೆ ತಿಳಿಯಲಿಲ್ಲ.

ಕಾಲೇಜಿನಲ್ಲಿ ಒಂದು ಪದ್ಧತಿಯಿತ್ತು. ಓದು ಬಿಟ್ಟು ಬಹಳ ವರ್ಷವಾದವರು ಮೊದಲು ಮೂಲ ಗಣಿತದ ಕೋರ್ಸೊಂದನ್ನು ಮನೆಯಲ್ಲೇ ಕುಳಿತು ಫೋನಿನಲ್ಲಿ ಮುಗಿಸಬೇಕು. ಒಟ್ಟು ಹನ್ನೆರಡು ಮೆಟ್ಟಿಲು. ಶುರುವಿನಲ್ಲಿ ಮೂವತ್ತು ಪ್ರಶ್ನೆಗಳ ಒಂದು ಪರೀಕ್ಷೆ. ಅದರಲ್ಲಿ ಎಷ್ಟು ಬರುತ್ತದೋ ನೋಡಿ ಯಾವ ಮೆಟ್ಟಿಲಿನಿಂದ ಹತ್ತಬೇಕೆಂದು ಯಂತ್ರವೇ ಹೇಳುತ್ತದೆ. ಕ್ಲಾಸಿಲ್ಲ, ಗಂಟೆಯಿಲ್ಲ, ಮಾಸ್ತರನಿಲ್ಲ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ "ನಿಮ್ಮ ವೇಗದಲ್ಲೇ ಕಲಿಯಿರಿ" ಎಂದು ಬರೆದಿತ್ತು.

"ವೇಗ ಅಂದ್ರ ಏನು ಗೊತ್ತೈತೇನು ನಿನಗ?" ಮಾಸ್ತರರು ಮೀಸೆಯಡಿ ನಕ್ಕರು. "ದೂರ ಭಾಗಿಸು ಕಾಲ. ನೀ ಅಡಗಿಮನಿಯಿಂದ ಪಡಸಾಲಿಗೆ ಒಂದು ವಾಟಗ ಚಹಾ ತರಾಕ ಇಪ್ಪತ್ತು ನಿಮಿಷ ತಗೋತಿ. ನಿನ್ನ ವೇಗದಾಗ ಬಿ.ಕಾಂ. ಮುಗಿಯೂದ್ರಾಗ ಮಗಳಿಗೆ ಪೆನ್ಶನ್ ಬಂದಿರತೈತಿ."

"ಚಹಾ ಒಲಿ ಮ್ಯಾಲೆ ಕುದಿಬೇಕ್ರಿ. ನಿಮ್ಮ ಸೂತ್ರದ ಮ್ಯಾಲೆ ಕುದಿಯಂಗಿಲ್ಲ," ಎಂದಳು ಸುನಂದಾ.

ಬಾಯಲ್ಲಿ ಹೀಗೆ ಅಂದರೂ ಮಾಸ್ತರರಿಗೆ ಒಳಗೊಳಗೇ ಬೇರೆಯದೇ ಚಿಂತೆ. ಗುಡೂರ ಮಾಸ್ತರರ ಹೆಂಡತಿ ಗಣಿತದಲ್ಲಿ ಕೆಳಗಿನ ಮೆಟ್ಟಿಲಿಗೆ ಬಿದ್ದಳೆಂಬ ಸುದ್ದಿ ಹುನಗುಂದದ ಸ್ಟಾಫ್ ರೂಮಿಗೆ ತಲುಪಿದರೆ? ಪಿ.ಟಿ. ಮಾಸ್ತರನೊಬ್ಬನೇ ಸಾಕು, ನಿವೃತ್ತಿಯಾಗುವ ತನಕ ಕಾಡುತ್ತಾನೆ. ಎರಡು ದಿನ ಯೋಚಿಸಿದ ಮೇಲೆ ಅವರಿಗೊಂದು ದಿವ್ಯವಾದ ಉಪಾಯ ಹೊಳೆಯಿತು.

ಪರೀಕ್ಷೆ ಬರೆಯಲು ಭಾನುವಾರ ಸಂಜೆಯ ತನಕ ಅವಕಾಶವಿತ್ತು. ಶುಕ್ರವಾರ ಸುನಂದಾ ಫೋನಿನಲ್ಲೇ ಮಾದರಿ ಪ್ರಶ್ನೆಪತ್ರಿಕೆಯೊಂದನ್ನು ಬಿಡಿಸಿದ್ದಳು; ಅದಕ್ಕೆ ಅಂಕ ಕೊಡುವ ಪದ್ಧತಿ ಇರಲಿಲ್ಲ. ಶನಿವಾರ ಅತ್ತೆ ಸೊಸೆ ಇಬ್ಬರೂ ತುಳಸಿಗೇರಿಯ ಹಣಮಪ್ಪನ ದರ್ಶನಕ್ಕೆ ಹೋದರು. ಫೋನಿನಲ್ಲಿ ಚಾರ್ಜಿಲ್ಲವೆಂದು ಸುನಂದಾ ಅದನ್ನು ಗೋಡೆಗೆ ಸಿಕ್ಕಿಸಿ ಹೋಗಿದ್ದಳು. ಶಾಲೆ ಅರ್ಧ ದಿನವಾದ್ದರಿಂದ ಮಾಸ್ತರರು ಮಧ್ಯಾಹ್ನವೇ ಮನೆಗೆ ಬಂದು, ಅಂಗಿ ಬಿಚ್ಚಿ ಬನಿಯನ್ನಿನ ಮೇಲೆ ಫ್ಯಾನಿನಡಿ ಕುಳಿತು, ಆ ಫೋನು ಕೈಗೆತ್ತಿಕೊಂಡರು. ಪಾಸ್‌ವರ್ಡು ಇಟ್ಟುಕೊಟ್ಟವರೂ ಅವರೇ. ಪರೀಕ್ಷೆಯ ಪುಟದಲ್ಲಿ ಏನೇನೋ ಷರತ್ತುಗಳು ಬಂದವು. ಎಲ್ಲದಕ್ಕೂ "ಒಪ್ಪಿಗೆ" ಒತ್ತಿದರು. ಇದು ಕಾಪಿಯೇ ಎಂದು ಒಳಮನಸ್ಸು ಕೇಳಿತು. ಛೇ, ಇದು ಪತಿಯ ಮಾರ್ಗದರ್ಶನ ಎಂದು ಅದರ ಬಾಯಿ ಮುಚ್ಚಿಸಿದರು.

ಐವತ್ತಾರನ್ನು ಎಂಟರಿಂದ ಭಾಗಿಸಿದರೆ ಎಷ್ಟು? ಮಾಸ್ತರರಿಗೆ ನಗು ಬಂತು. ಏಳು ಒತ್ತಿದರು. ಒಂದು ಡಜನ್ನಿಗೆ ಮೂರು ಕಡಿಮೆಯಾದರೆ? ಒಂಬತ್ತು. ಎರಡಕ್ಕೆ ಮಾತ್ರ ಅಆಇಈ ಎಂದು ಆರಿಸುವ ಉತ್ತರ, ಉಳಿದ ಇಪ್ಪತ್ತೆಂಟಕ್ಕೆ ಅಂಕಿ ಒತ್ತುವುದು. ಒಂದು ಗಂಟೆಯ ಪರೀಕ್ಷೆಯನ್ನು ಹನ್ನೊಂದು ನಿಮಿಷದಲ್ಲಿ ಮುಗಿಸಿ, ಕೈ ಮೇಲೆತ್ತಿ ಮೈಮುರಿದರು.

ಪರದೆಯ ಮೇಲೆ ಉತ್ತರ ಮೂಡಿತು. "ಸುನಂದಾ ಅವರೇ, ನಿಮಗೆ ಮೂವತ್ತಕ್ಕೆ ಎರಡು ಅಂಕ ಬಂದಿವೆ. ಎದೆಗುಂದಬೇಡಿ. ಗಣಿತ ಎಲ್ಲರಿಗೂ ಬರುತ್ತದೆ. ನಿಮ್ಮ ಮೊದಲ ಮೆಟ್ಟಿಲು: ಒಂದರಿಂದ ನೂರರವರೆಗೆ ಎಣಿಸೋಣ!"

ಮಾಸ್ತರರು ಕನ್ನಡಕ ಒರೆಸಿ ಮತ್ತೆ ಓದಿದರು. ಎರಡು ಎರಡೇ ಆಗಿತ್ತು. ಕೆಳಗೆ "ನಿಮ್ಮ ತಪ್ಪುಗಳನ್ನು ನೋಡಿ" ಎಂಬ ಗುಂಡಿ ಇತ್ತು. ಒತ್ತಿದರು.

"ನಿಮ್ಮ ಉತ್ತರ: ೭. ತಪ್ಪು. ಸರಿಯಾದ ಉತ್ತರ: 7."

ಮುಂದಿನದು: "ನಿಮ್ಮ ಉತ್ತರ: ೯. ತಪ್ಪು. ಸರಿಯಾದ ಉತ್ತರ: 9."

ಇಲ್ಲೊಂದು ವಿಷಯ ಹೇಳಬೇಕು. ಮಾಸ್ತರರು ಕನ್ನಡ ಅಂಕಿಗಳ ಕಟ್ಟಾ ಅಭಿಮಾನಿ. ಅವರ ಮನೆಯ ನಂಬರು ಕನ್ನಡದಲ್ಲಿ, ಸ್ಕೂಟರಿನ ನಂಬರು ಕನ್ನಡದಲ್ಲಿ. ಹೋದ ರಾಜ್ಯೋತ್ಸವದಂದು ಮನೆಯ ಫೋನುಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು, ಅಂಕಿ ಒತ್ತಿದರೆ ಕನ್ನಡದಲ್ಲೇ ಬರುವಂತೆ ತಾವೇ ಬದಲಾಯಿಸಿದ್ದರು. ಯಂತ್ರಕ್ಕೆ ಮಾತ್ರ ಆ ಅಭಿಮಾನ ಇರಲಿಲ್ಲ. ಇನ್ನೊಮ್ಮೆ ಬರೆಯೋಣವೆಂದರೆ ಪರೀಕ್ಷೆ ಒಂದೇ ಸಲ.

ಸಂಜೆ ಅತ್ತೆ ಸೊಸೆ ಬಂದರು. ಸುನಂದಾ ಪ್ರಸಾದ ಕೊಟ್ಟು ಫೋನು ತೆಗೆದು ನೋಡಿದಳು. ನೋಡುತ್ತ ನೋಡುತ್ತ ಅಲ್ಲೇ ಕುಳಿತಳು.

"ನಿನ್ನೆ ಮಾದರಿ ಅಂತ ಮಾಡಿದ್ನಲ್ರಿ, ಅದ ಖರೆ ಪರೀಕ್ಷಾ ಆಗಿತ್ತೋ ಏನೋ. ಎಲ್ಲಿ ಏನು ಒತ್ತಿದ್ನೋ. ಮೂವತ್ತಕ್ಕ ಎರಡು ಬಿದ್ದಾವ."

"ಮಷೀನು ತಪ್ಪಿರಬೇಕು ತಗೋ," ಎಂದರು ಮಾಸ್ತರರು, ಗೋಡೆಯ ಕಡೆ ನೋಡುತ್ತ.

"ಮಷೀನು ಎದಕ್ಕ ತಪ್ಪತೈತ್ರಿ? ಇಪ್ಪತ್ತೊಂದು ವರ್ಷದಿಂದ ನೀವೂ ಅದನ್ನ ಹೇಳಾಕತ್ತೀರಿ. ನನಗ ಲೆಕ್ಕ ಬರಂಗಿಲ್ಲ. ನಾ ಸುಮ್ನ ನಿಮ್ಮ ಜೋಡಿ ವಾದ ಮಾಡ್ತಿದ್ದೆ."

ಅವಳು ಬೈದಿದ್ದರೆ ಮಾಸ್ತರರು ತಡೆದುಕೊಳ್ಳುತ್ತಿದ್ದರು. ಬೈಯಲಿಲ್ಲ. ರೊಟ್ಟಿ ಬಡಿದಳು, ಅವರಿಗಿಷ್ಟವೆಂದು ಎಣ್ಣೆಗಾಯಿಯನ್ನೇ ಮಾಡಿದಳು. ಆಮೇಲೆ ಸ್ಟೂಲು ಹತ್ತಿ, ರಟ್ಟು ಹಾಕಿದ ಆ ಮೂರು ನೋಟ್‌ಬುಕ್ಕುಗಳನ್ನು ಅಟ್ಟದ ಮೇಲೆ ಹಳೆಯ ಪಂಚಾಂಗಗಳ ಜೊತೆಗಿಟ್ಟಳು. ಸೋಮವಾರ ಹೋಗಿ ಹೆಸರು ತೆಗೆಸಿ ಬರುವೆನೆಂದಳು. ಮಾಸ್ತರರು ಒಂದೇ ಎಣ್ಣೆಗಾಯಿ ತಿಂದು ಎದ್ದರು. ಯಾವ ಮಾತನ್ನು ತಾವು ಬರೀ ಗೆಲ್ಲುವುದಕ್ಕೆಂದು ಆಡುತ್ತಿದ್ದರೋ ಅದನ್ನು ಇವಳು ಇಷ್ಟು ವರ್ಷ ನಿಜವೆಂದು ನಂಬಿಕೊಂಡಿದ್ದಳಲ್ಲ ಎಂದು ಅವರಿಗೆ ನಾಚಿಕೆಯಾಯಿತು, ತುಂಬ ನಾಚಿಕೆಯಾಯಿತು.

"ಸೋಮಾರ ನಾನ ಹೋಗಿ ಕೇಳ್ಕೊಂಡು ಬರ್ತೇನಿ, ನೀ ತಡಿ," ಎಂದರು.

ಕಾಲೇಜಿನಲ್ಲಿ ಆ ಕೋರ್ಸಿನ ಮೇಲ್ವಿಚಾರಣೆ ಫರಹಾನಾ ಮೇಡಂ ಅವರದು. ಹನ್ನೆರಡು ವರ್ಷದ ಹಿಂದೆ ಹುನಗುಂದದಲ್ಲಿ ಇದೇ ಮಾಸ್ತರರ ಶಿಷ್ಯೆ. ಒಮ್ಮೆ ಪರೀಕ್ಷೆಯಲ್ಲಿ ಪಕ್ಕದವಳ ಹತ್ತಿರ ರಬ್ಬರು ಕೇಳಿದ್ದಕ್ಕೆ ಮಾಸ್ತರರು ಅವಳನ್ನು ಮುಕ್ಕಾಲು ಗಂಟೆ ನಿಂತೇ ಬರೆಯುವಂತೆ ಮಾಡಿದ್ದರು. ಅದು ಮಾಸ್ತರರಿಗೆ ಮರೆತಿತ್ತು. ಅವಳಿಗೆ ಮರೆತಿರಲಿಲ್ಲ.

"ಬರ್ರಿ ಸರ್, ಕುಂದ್ರಿ. ನಿಂತು ಮಾತಾಡೂದು ಬ್ಯಾಡ," ಎಂದಳು.

ಮಾಸ್ತರರು ಗಂಭೀರವಾಗಿ, ತಾಂತ್ರಿಕ ದೋಷ, ಅಂಕಿಗಳ ಲಿಪಿ ಸಮಸ್ಯೆ, ಕನ್ನಡದ ಸ್ವಾಭಿಮಾನ ಇತ್ಯಾದಿಗಳನ್ನು ಐದು ನಿಮಿಷ ವಿವರಿಸಿದರು. ಫರಹಾನಾ ಕೇಳಿಸಿಕೊಂಡು, ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದಳು.

"ಪರೀಕ್ಷಾ ನಡದಾಗ ಎರಡೆರಡು ನಿಮಿಷಕ್ಕೊಮ್ಮೆ ಫೋನು ತಾನಾಗೇ ಫೋಟೋ ತಗೋತೈತ್ರಿ ಸರ್. ಅದಕ್ಕ ನೀವು ಒಪ್ಪಿಗೆ ಕೊಟ್ಟೀರಿ."

ಪರದೆಯ ಮೇಲೆ ಐದು ಫೋಟೋಗಳಿದ್ದವು. ಬನಿಯನ್ನಿನ ಮಾಸ್ತರರು ನಗುತ್ತಿದ್ದರು. ಬನಿಯನ್ನಿನ ಮಾಸ್ತರರು ಕಿವಿಯಲ್ಲಿ ಬೆರಳಿಟ್ಟುಕೊಂಡಿದ್ದರು. ಕೊನೆಯದರಲ್ಲಿ ಬರೀ ಆಕಳಿಕೆ, ಹಲ್ಲುಗಳ ಸಮೇತ.

"ಇವರು ಸುನಂದಾ ಮೇಡಮ್ಮೋರು ಅಲ್ಲ ಅನಸ್ತೈತ್ರಿ."

"ಬೆಳಕು... ಬೆಳಕು ಬರೋಬರಿ ಬಿದ್ದಿಲ್ಲವ್ವಾ ಅಲ್ಲಿ."

"ಮೀಸಿ ಸ್ವಚ್ಛ ಕಾಣಾಕತ್ತಾವಲ್ರಿ ಸರ್."

ಆಮೇಲೆ ಅವಳು ನಿಯಮ ಹೇಳಿದಳು. ಸುಮ್ಮನಿದ್ದರೆ ವಿಷಯ ಇಲ್ಲಿಗೇ ಮುಗಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಆದರೆ ಎರಡು ಅಂಕ ಸುನಂದಾ ಹೆಸರಿನಲ್ಲೇ ಉಳಿಯುತ್ತವೆ. ಅದನ್ನು ತೆಗೆಸಬೇಕಾದರೆ, ಪರೀಕ್ಷೆ ಬರೆದವನು ನಾನು ಎಂದು ಮಾಸ್ತರರು ಬರೆದುಕೊಡಬೇಕು, ಕೆಳಗೆ ಹೆಂಡತಿಯ ಸಹಿ ಬೇಕು. ಆಗ ಅವಳಿಗೆ ಹೊಸ ಪರೀಕ್ಷೆ. ಬಂದ ಎರಡು ಅಂಕ ಯಂತ್ರದಲ್ಲಿ ಅಳಿಸಲು ಬರುವುದಿಲ್ಲ, ಬರೆದವರ ಹೆಸರಿಗೇ ವರ್ಗವಾಗುತ್ತವೆ. ಅವರು ಕನಿಷ್ಠ ಮೊದಲ ಮೆಟ್ಟಿಲನ್ನು ಮುಗಿಸಿದರೆ ಖಾತೆ ಮುಚ್ಚುತ್ತದೆ. (ಈ ಕೊನೆಯ ನಿಯಮ ಕಾಲೇಜಿನ ಪುಸ್ತಕದಲ್ಲಿ ಇತ್ತೋ ಅಥವಾ ರಬ್ಬರು ಕೇಳಿದ ದಿನದಿಂದ ಫರಹಾನಾಳ ಮನಸ್ಸಿನಲ್ಲಿತ್ತೋ, ವಿಚಾರಿಸುವ ಧೈರ್ಯ ಮಾಸ್ತರರಿಗೆ ಆಗಲಿಲ್ಲ.)

ಮಾಸ್ತರರು ಖಾಲಿ ಹಾಳೆ ಹಿಡಿದು ಮನೆಗೆ ಬಂದರು. ದಾರಿಯಲ್ಲಿ ಎರಡು ಸಲ ಅದನ್ನು ಹರಿದು ಬಿಸಾಡುವ ಮನಸ್ಸಾಗಿತ್ತು. ಎರಡು ಸಲವೂ ಅಟ್ಟದ ಮೇಲಿನ ನೋಟ್‌ಬುಕ್ಕು ನೆನಪಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಕಾಲು ತೊಳೆಯುವುದನ್ನೂ ಮರೆತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು.

ಸುನಂದಾ ಹಿಟ್ಟಿನ ಕೈಯಲ್ಲೇ ನಿಂತಳು. "ಅಂದ್ರ ಆ ಎರಡು ನನ್ನವು ಅಲ್ಲ?"

"ಅಲ್ಲ."

"ನಿಮ್ಮವು?"

"ಹ್ಞೂಂ. ಆದ್ರ ಅದು ಕನ್ನಡ ಅಂಕಿ ಸಲುವಾಗಿ..."

"ಕಾಪಿ ಹೊಡದು ಸಿಕ್ಕವ್ರೆಲ್ಲಾ ಏನರ ಒಂದು ನೆವ ಹೇಳೇ ಹೇಳ್ತಾರ ಅಂತ ನೀವ ಅಂತಿದ್ರೆಲ್ರಿ!" ಎಂದವಳೇ ನಗತೊಡಗಿದಳು. ನಗುತ್ತಲೇ ಕಣ್ಣೊರೆಸಿಕೊಂಡಳು, ಕಣ್ಣೊರೆಸಿದ ಕಡೆಯೆಲ್ಲ ಹಿಟ್ಟಾಯಿತು. ಮರುಕ್ಷಣ ಸಿಟ್ಟೂ ಬಂತು. "ಎರಡು ದಿನ ನಾ ಅಳಕೋತ ಕುಂತಿದ್ರ ನೀವು ಎಣ್ಣಿಗಾಯಿ ಉಂಡ್ರಲ್ರಿ?"

"ಒಂದ ತಿಂದೇನಿ," ಎಂದರು ಮಾಸ್ತರರು ದೀನರಾಗಿ.

ಒಳಗಿನಿಂದ ಗುರುಲಿಂಗವ್ವ ಕೂಗಿದರು: "ಏಳಕ್ಕ ತಪ್ಪಿದನಂತೇನ? ಸಣ್ಣಾವ ಇದ್ದಾಗೂ ಸಂಗ್ಯಾಗ ಏಳು ಬರಿಯಾಕ ಬರ್ತಿದ್ದಿಲ್ಲ. ತಿರುವಿ ಬರಿತಿದ್ದ."

ಸುನಂದಾ ಸಹಿ ಮಾಡಿದಳು. ಗುರುವಾರ ಕಾಲೇಜಿನ ಕಂಪ್ಯೂಟರಿನಲ್ಲೇ ಕುಳಿತು ಪರೀಕ್ಷೆ ಬರೆದಳು. ಹತ್ತೊಂಬತ್ತು ಅಂಕ ಬಂದು ಏಳನೆಯ ಮೆಟ್ಟಿಲಿನಿಂದ ಹತ್ತಬೇಕೆಂದಾಯಿತು.

"ಉಳದ ಹನ್ನೊಂದು ಎಲ್ಲಿ ಹೋದವು?" ಮಾಸ್ತರರಿಗೆ ಅಭ್ಯಾಸಬಲದಿಂದ ಬಾಯಿಗೆ ಬಂತು.

"ಹೋಗ್ಲಿ ಬಿಡ್ರಿ. ನಿಮ್ಮಕಿಂತ ಹದಿನೇಳು ಹೆಚ್ಚ ಅದಾವ." ಲೆಕ್ಕ ಸರಿಯಾಗಿತ್ತು.

ಅಂದಿನಿಂದ ಆ ಮನೆಯಲ್ಲಿ ಇಬ್ಬರು ವಿದ್ಯಾರ್ಥಿಗಳಾದರು. ಸುನಂದಾ ರೊಟ್ಟಿ ಹಂಚಿನ ಮೇಲೆ ಉಬ್ಬುವಷ್ಟರಲ್ಲಿ ಒಂದು ದಶಮಾಂಶದ ಲೆಕ್ಕ ಮುಗಿಸುತ್ತಿದ್ದಳು. ಪಡಸಾಲೆಯಲ್ಲಿ ಮಾಸ್ತರರು ಗಿಳಿಗಳನ್ನು ಎಣಿಸುತ್ತಿದ್ದರು. ಮೊದಲ ಮೆಟ್ಟಿಲಿನ ವಿಡಿಯೋದಲ್ಲಿ ಒಂದೊಂದೇ ಗಿಳಿ ಹಾರಿ ಬಂದು ಕೊಂಬೆಯ ಮೇಲೆ ಕೂರುತ್ತಿತ್ತು, ನೂರು ಗಿಳಿ ಬರುವ ತನಕ ಮುಂದೆ ಓಡಿಸಲು ಬರುತ್ತಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಅವಸರ ಮಾಡಿದವರಿಗೆ ಗಿಳಿಯೊಂದು ರೆಕ್ಕೆ ಕೆದರಿಕೊಳ್ಳುವವರೆಗೆ ಕಾಯುವ ಪ್ರಸಂಗ ಬಂತು. ನಾಲ್ಕನೆಯ ದಿನ ಮೆಟ್ಟಿಲು ಮುಗಿಯಿತು. ಖಾತೆಯ ನಂಬರು ಅವಳದೇ ಆಗಿದ್ದರಿಂದ ಸುನಂದಾಳ ಫೋನಿಗೆ, ಹೂಮಾಲೆಯ ಚಿತ್ರದೊಂದಿಗೆ, ಸಂದೇಶ ಬಂತು: "ಅಭಿನಂದನೆಗಳು! ಸಂಗಮೇಶ ಅವರು ಒಂದರಿಂದ ನೂರರವರೆಗೆ ಎಣಿಸಲು ಕಲಿತಿದ್ದಾರೆ." ಪತಿಯ ಸಾಧನೆಯನ್ನು ಮುಚ್ಚಿಡುವುದು ಸರಿಯಲ್ಲವೆಂದು ಅವಳು ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು.

ಮರುದಿನ ಬೆಳಿಗ್ಗೆ ಮಾಸ್ತರರು ಎಂದಿನಂತೆ ಹುನಗುಂದದ ಬಸ್ಸು ಹತ್ತಿದರು. ಕಂಡಕ್ಟರ್ ಮುರ್ತುಜಸಾಬ ಇವರ ಓಣಿಯವನೇ; ಅವನ ಹೆಂಡತಿ ಶಹನಾಜ, ಸುನಂದಾಳ ಗೆಳತಿ. ಟಿಕೆಟ್ ಕೊಟ್ಟು ಮುಗಿಸಿದ ಅವನು ಮಾಸ್ತರರ ಸೀಟಿನ ಹತ್ತಿರ ಬಂದು, ಬಹಳ ವಿನಯದಿಂದ ಕೈ ಮುಗಿದ.

"ಸರ್, ನೂರರ ತನಕಾ ಬಂತಂತಲ್ರಿ! ನಮ್ಮ ಮನ್ಯಾಗ ಹೇಳಿದ್ರು. ಭಾಳ ಖುಷಿ ಆತು."

ಬಸ್ಸಿನಲ್ಲಿದ್ದ ಮಾಸ್ತರರ ಇಬ್ಬರು ಶಿಷ್ಯರು ಕಿಟಕಿಯ ಹೊರಗೆ ತಲೆ ಹಾಕಿದರು. ಅವರ ಬೆನ್ನು ಕುಲುಕುತ್ತಿತ್ತು.

"ಹಂಗಾರ ನನ್ನ, ಡ್ರೈವರನ್ನ ಬಿಟ್ಟು ಬಸ್ಸಿನ್ಯಾಗ ಎಷ್ಟು ಮಂದಿ ಅದಾರ ಒಂದೀಟು ಎಣಿಸಿ ಹೇಳ್ರಿ ಸರ್. ಟಿಕೆಟ್ ಮಷೀನಿನ ಲೆಕ್ಕಕ್ಕ ತಾಳೆ ಹಚ್ಚಿ ನೋಡ್ತೇನಿ."

ಮಾಸ್ತರರಿಗೆ ರೋಷ ಬಂತು. ಎದ್ದು ನಿಂತು ಮುಂದಿನ ಸೀಟಿನಿಂದ ಹಿಂದಿನ ಸೀಟಿನ ತನಕ ಬೆರಳು ಮಾಡಿ, ಗಟ್ಟಿಯಾಗಿ, ಒಂದೂ ತಲೆ ಬಿಡದಂತೆ ಎಣಿಸಿದರು. ಅನುಮಾನ ಬೇಡವೆಂದು ಹಿಂದಿನಿಂದ ಮುಂದಕ್ಕೆ ಮತ್ತೊಮ್ಮೆ ಎಣಿಸಿದರು.

"ನಲವತ್ತಾರು!"

ಮುರ್ತುಜಸಾಬ ಟಿಕೆಟ್ ಮಷೀನು ನೋಡಿದ. "ಇದರಾಗ ಪಾಸಿನವ್ರು ಸೇರಿ ನಲವತ್ತೇಳು ತೋರಸ್ತೈತ್ರಿ ಸರ್."

"ಹಂಗಾರ ನಿನ್ನ ಮಷೀನು ತಪ್ಪೈತಿ! ಇಲ್ಲಾ ಒಬ್ಬಾಂವ ಟಿಕೆಟ್ ತಗೊಂಡು ನಡುವ ಇಳದಾನ. ನಾ ಎರಡು ಸಲ ಎಣಿಸೇನಿ, ನನ್ನ ಲೆಕ್ಕ ತಪ್ಪೂದಿಲ್ಲ."

"ಬಸ್ಸು ಇನ್ನಾ ಎಲ್ಲೂ ನಿಂತಿಲ್ರಿ ಸರ್," ಎಂದು ಮುರ್ತುಜಸಾಬ ಮೆಲ್ಲಗೆ ಕೇಳಿದ. "ಎಣಿಕ್ಯಾಗ ನಿಮ್ಮನ್ನ ನೀವು ಹಿಡದೀರೇನ್ರಿ?"