ಗಾಬರಿಯಾದ ಹೆಂಗಸು ಬೇಕಾಗಿದ್ದಾಳೆ

ಮಹಾನಗರ ನೋಡಬೇಕೆಂಬುದು ನನ್ನ ಆಸೆ, ನೋಡಬಾರದೆಂಬುದು ನನ್ನ ಹೆಂಡತಿಯ ಹಟ. ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು, ಅಳತೆ ಕೊಡಲು ಬಂದವರು ಬಿಟ್ಟ ಬಡಾಯಿಯನ್ನೆಲ್ಲ ಕೇಳಿ ಕೇಳಿ ನನಗೆ ಅಲ್ಲಿನ ಸಂದುಗೊಂದಿಗಳೂ ಬಾಯಿಪಾಠವಾಗಿದ್ದವು (ಒಮ್ಮೆಯೂ ಹೋಗಿರಲಿಲ್ಲ ಎಂಬುದೊಂದೇ ಕೊರತೆ).

"ನಂಗೆ ಬೇಡಪ್ಪಾ. ಅಷ್ಟು ಜನರ ಮಧ್ಯೆ ಕಳೆದುಹೋದ್ರೆ ಯಾರು ಹುಡುಕ್ತಾರೆ?" ಎಂದಳು.

"ನಾನಿಲ್ವಾ?"

"ಅದೇ ಭಯ."

ಕೊನೆಗೆ ನೂರು ಮಹಡಿಯ ಗೋಪುರದ ಆಸೆ ತೋರಿಸಿ ಒಪ್ಪಿಸಿದೆ. ಅದರ ತುದಿಯ ಗಾಜಿನ ಕೋಣೆಯಲ್ಲಿ ನಿಂತರೆ ಇಡೀ ನಗರ ಕಾಲಡಿಗೆ ಬರುತ್ತದಂತೆ. ಮಧ್ಯಾಹ್ನ ಮೂರಕ್ಕೆ ಎರಡು ಟಿಕೆಟು ತರಿಸಿದೆ. ಆರಕ್ಕೆ ವಾಪಸು ರೈಲು, ಆದ್ದರಿಂದ ಮೂರು ಗಂಟೆ ತಪ್ಪಿದರೆ ಗೋಪುರ ಈ ಜನ್ಮಕ್ಕಿಲ್ಲ. ಟಿಕೆಟು, ಮೊಬೈಲು ಎರಡನ್ನೂ ಅವಳ ಚೀಲಕ್ಕೇ ಹಾಕಿದೆ. ಊರವರ ಜೇಬುಗಳನ್ನೆಲ್ಲ ಹೊಲಿದುಕೊಟ್ಟ ನನಗೆ ಸ್ವಂತ ಜೇಬಿನ ತೂತು ಮುಚ್ಚಲು ಇಂದಿಗೂ ಪುರಸೊತ್ತಾಗಿಲ್ಲ.

ರೈಲಿಳಿದವನು ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ. ಕಟ್ಟಡಗಳ ತುದಿ ಕಾಣಲು ಕತ್ತು ಎಷ್ಟು ಎತ್ತಿದರೂ ಸಾಲದು. ಕಾಲ ಕೆಳಗೆ ರೈಲು, ತಲೆಯ ಮೇಲೆ ರಸ್ತೆ. ಸಾವಿರಾರು ಜನ ಓಡುತ್ತಿದ್ದರೂ ಒಬ್ಬರ ಭುಜ ಇನ್ನೊಬ್ಬರಿಗೆ ತಾಗುತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರ ಬಟ್ಟೆಗಳು. ಎಂಥ ಕಾಲರು, ಎಂಥ ಇಸ್ತ್ರಿ, ಕಸ ಗುಡಿಸುವವನ ಅಂಗಿಗೂ ಎಷ್ಟು ಚೊಕ್ಕ ತೋಳು. ಈ ಊರನ್ನು ಯಾರೋ ಅಳತೆ ತೆಗೆದೇ ಹೊಲಿದಿದ್ದಾರೆ ಅನ್ನಿಸಿತು.

"ನನ್ನ ಅಂಗಿ ತುದಿ ಹಿಡ್ಕೊ. ಏನೇ ಆದ್ರೂ ಬಿಡಬೇಡ" ಎಂದು ಹೆಂಡತಿಗೆ ಅಪ್ಪಣೆ ಮಾಡಿ ಹೊರಟೆ.

ಆಗ ಕಂಡಿತು ಆ ಬೂದು ಕೋಟು. ಮುಂದೆ ಹೋಗುತ್ತಿದ್ದ ಎತ್ತರದ ಮನುಷ್ಯನ ಬೆನ್ನಿನ ಮೇಲೆ ಹೊಲಿಗೆಯೇ ಇಲ್ಲ. ನಡುವೆ ಹೊಲಿಗೆಯಿಲ್ಲದೆ ಅಂಥ ಬೆನ್ನಿಗೆ ಕೋಟು ಕೂರಿಸುವುದು ನನಗೆ ಕೆಲಸ ಕಲಿಸಿದವರಿಂದಲೂ ಆಗಿರಲಿಲ್ಲ. ಹಿಂದೆಯೇ ಹೋದೆ. ಎರಡು ಸಿಗ್ನಲ್ ದಾಟಿ, ಏಳು ಮಹಡಿಯ ಬಟ್ಟೆ ಅಂಗಡಿ ಹೊಕ್ಕು, ಕೋಟಿನ ಜೊತೆ ಲಿಫ್ಟನ್ನೂ ಹತ್ತಿದೆ. ಒಳಗಿನ ಲೈನಿಂಗ್ ಹೇಗಿದೆಯೋ ನೋಡೋಣವೆಂದು ಅಂಚನ್ನು ಸ್ವಲ್ಪ, ಒಂದು ಗೇಣು ಮಾತ್ರ, ಎತ್ತಿದೆ.

"ಕಳ್ಳ, ಕಳ್ಳ" ಎಂದು ಕೂಗಿತು ಕೋಟು.

ಗಾರ್ಡುಗಳು ನನ್ನನ್ನು ಸಕಲ ಮರ್ಯಾದೆಗಳೊಂದಿಗೆ (ಎರಡೂ ರಟ್ಟೆ ಹಿಡಿದು) ನೆಲಮಾಳಿಗೆಯ ಕೋಣೆಗೆ ಕರೆದೊಯ್ದರು. ಕೋಟಿನವನೂ ಹಿಂದೆಯೇ ಬಂದ.

"ನಾನು ಟೈಲರ್ ಸಾರ್, ಲೈನಿಂಗ್ ನೋಡ್ತಿದ್ದೆ" ಎಂದೆ.

"ಸಿಕ್ಕಿಬಿದ್ದವರೆಲ್ಲ ಏನೋ ಒಂದು ಆಗಿರ್ತಾರೆ" ಎಂದ ಮುಖ್ಯ ಗಾರ್ಡು.

"ನಿಮ್ಮ ಪ್ಯಾಂಟಿನ ಎಡಗಾಲು ಅರ್ಧ ಬೆರಳು ಉದ್ದ ಸಾರ್, ತುಳಿದು ತುಳಿದು ಅಂಚು ಹರಿದಿದೆ. ಸೊಂಟ ಮೂವತ್ತೆಂಟು, ಹೊಲಿದಿರೋದು ಮೂವತ್ತಾರಕ್ಕೆ. ಬೆಳಗಿಂದ ಉಸಿರು ಹಿಡ್ಕೊಂಡಿದ್ದೀರಿ."

ಮುಖ್ಯ ಗಾರ್ಡು ಉಸಿರು ಬಿಟ್ಟ. ಕೋಟಿನವನು ನಕ್ಕು, ತಾನೇ ಕೋಟು ಬಿಚ್ಚಿ ಲೈನಿಂಗ್ ತೋರಿಸಿ ಹೋದ. ಎಂಥ ದೊಡ್ಡ ಮನಸ್ಸಿನ ಊರು.

ಅದನ್ನು ಹೇಳೋಣವೆಂದು ಹಿಂದೆ ತಿರುಗಿದೆ. ಹೆಂಡತಿ ಇರಲಿಲ್ಲ.

ಫೋನ್ ಮಾಡೋಣವೆಂದರೆ ನಮ್ಮ ನಂಬರು ನನಗೆ ನೆನಪಿಲ್ಲ (ಅದು ಅಂಗಡಿಯ ಬೋರ್ಡಿನ ಮೇಲಿದೆ, ಬೋರ್ಡು ಊರಿನಲ್ಲಿದೆ). ಮೈಕಿನಲ್ಲಿ ಕೂಗಿಸೋಣ, ಗುರುತು ಹೇಳಿ ಎಂದರು. ಹೆಸರು ಕೂಗಿಸಿದರೆ ಊರ ಮುಂದೆ ಮಾನ ಕಳೆದಿರೆಂದು ಬೈಯುತ್ತಾಳೆ. ಅವಳ ಮಾನ ಉಳಿಸಲೆಂದು ಹೀಗೆ ಬರೆಸಿದೆ: "ಊರಿಗೆ ಹೊಸಬರಾದ, ಗಂಡ ಕಾಣದೆ ಗಾಬರಿಯಾಗಿ ಅಳುತ್ತಾ ನಿಂತಿರುವ ಮಹಿಳೆ ದಯವಿಟ್ಟು ನೆಲಮಾಳಿಗೆಗೆ ಬರಬೇಕು."

"ನಾನೂ ಹುಡುಕ್ತೀನಿ" ಎಂದು ಎದ್ದೆ.

"ಆಮೇಲೆ ನಿಮ್ಮಿಬ್ಬರನ್ನೂ ನಾವು ಹುಡುಕ್ಬೇಕಾಗುತ್ತೆ. ಕೂತ್ಕೊಳ್ಳಿ" ಎಂದು ಮುಖ್ಯ ಗಾರ್ಡು ಸೂಜಿ ದಾರ ಕೊಟ್ಟ. "ಸುಮ್ನೆ ಕೂತ್ರೆ ತಲೆ ಕೆಡುತ್ತೆ. ಈ ಅಂಚು ಸ್ವಲ್ಪ ನೋಡಿ."

ಅವನದು ಮುಗಿಯುವಷ್ಟರಲ್ಲಿ ಉಳಿದ ಎಂಟು ಗಾರ್ಡುಗಳು ಬಂದರು, ಅವರ ಹಿಂದೆ ಲಿಫ್ಟಿನವರು. ಎಲ್ಲರೂ ಕಾಫಿ ಕೊಟ್ಟು ನನ್ನ ಕೈಚಳಕವನ್ನು ಹೊಗಳಿದರು (ಮನೆಯಲ್ಲಿ ಈ ಎರಡೂ ಒಟ್ಟಿಗೆ ಸಿಕ್ಕಿದ್ದಿಲ್ಲ). ಗೋಡೆಯ ಗಡಿಯಾರ ಮೂರು ಹೊಡೆಯಿತು. ಗೋಪುರ ಹೋಯಿತು. ಬರುವುದಿಲ್ಲ ಎಂದವಳನ್ನು ಎಳೆದು ತಂದು, ಯಾವನದೋ ಬೆನ್ನು ನೋಡುತ್ತಾ ನಡುಬೀದಿಯಲ್ಲಿ ಬಿಟ್ಟೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಬೆರಳಿಗೆ ಸೂಜಿ ಚುಚ್ಚಿದ್ದೂ ಗೊತ್ತಾಗಲಿಲ್ಲ. ಮತ್ತೆ ಕೂಗಿಸಿದೆ. ನಾಲ್ಕೂವರೆಗೆ ಇನ್ನೊಮ್ಮೆ ಕೂಗಿಸಿದೆ.

ಐದು ಗಂಟೆಗೆ ಬಾಗಿಲು ತೆರೆಯಿತು. ಹೆಂಡತಿ ನಿಂತಿದ್ದಳು, ಮುಖ ಅರಳಿತ್ತು.

"ನೀವು ಒಳಗೆ ಹೊಕ್ಕಿದ್ದು ನೋಡಿದ್ದೆ. ಈ ಬಟ್ಟೆ ಅಂಗಡಿ ಬಿಟ್ಟು ಎಲ್ಲಿಗೂ ಹೋಗಿರಲ್ಲ ಅಂತ ಗೊತ್ತಿತ್ತು. ಮೇಲೆ ವಿಚಾರಿಸಿದ್ರೆ, ಟೈಲರ್ ಒಬ್ರು ಕೆಳಗೆ ಕೂತಿದ್ದಾರೆ ಅಂದ್ರು. ನಡೀರಿ, ರೈಲಿಗೆ ಹೊತ್ತಾಯ್ತು."

"ನನ್ನ ಅಂಗಿ ಯಾಕೆ ಬಿಟ್ಟೆ?"

"ಆ ಕೋಟು ಕಂಡ ಮೇಲೆ ನಾನಿರೋದೇ ನಿಮಗೆ ಮರೆತೋಯ್ತು. ನಿಮ್ಮ ಹಿಂದೆ ಓಡ್ತಿದ್ರೆ ಊರು ನೋಡೋದು ಯಾವಾಗ?"

"ಗೋಪುರ?" ಎಂದೆ.

"ಹತ್ತದೆ ಇರ್ತೀನಾ? ನಿಮ್ಮ ಟಿಕೆಟಿಗೆ ಕ್ಯೂನಲ್ಲಿ ಸಿಕ್ಕ ಅಜ್ಜೀನ ಕರ್ಕೊಂಡ್ಹೋದೆ. ಏನು ಊರು ರೀ ಅದು. ಎಷ್ಟು ದೂರ ನೋಡಿದ್ರೂ ಮುಗಿಯಲ್ಲ. ಅಷ್ಟೊಂದು ಕಿಟಕಿ, ಪ್ರತಿಯೊಂದರ ಹಿಂದೆಯೂ ಯಾರೋ ಒಬ್ರು ಕೆಲಸ ಮಾಡ್ತಿದ್ದಾರೆ ಅಂತ ನೆನೆಸ್ಕೊಂಡು ನೋಡ್ತಾನೇ ನಿಂತೆ. ಇಷ್ಟು ವರ್ಷ ಹೆದರ್ಕೊಂಡು ಮನೇಲಿ ಕೂತಿದ್ನಲ್ಲ ಅನ್ನಿಸ್ತು."

ನನಗೆ ಹೋದ ಜೀವ ಬಂತು. ಹೊಟ್ಟೆಕಿಚ್ಚೂ ಜೊತೆಯಲ್ಲೇ ಬಂತು.

ಅವಳು ಮುಖ್ಯ ಗಾರ್ಡಿನ ಕಡೆ ತಿರುಗಿದಳು. "ಅಂದ ಹಾಗೆ ಅಣ್ಣಾ, ಗಾಬರಿಯಾಗಿ ಅಳ್ತಿದ್ದಾಳೆ ಅಂತ ಮೈಕಲ್ಲಿ ಕೂಗ್ತಿದ್ರಲ್ಲ, ಆ ಹೆಂಗಸು ಸಿಕ್ಕಿದ್ಲಾ? ಪಾಪ, ನಾನೂ ನಾಲ್ಕು ಮಹಡಿ ಹುಡುಕಿದೆ. ಹೊಸ ಊರಲ್ಲಿ ಹೆಂಡತೀನ ಬಿಟ್ಟು ಹೋಗೋನು ಎಂಥ ಮಂಗ ಇರ್ಬೇಕು."

ಒಂಬತ್ತು ಗಾರ್ಡುಗಳು ಒಟ್ಟಿಗೆ ನನ್ನ ಮುಖ ನೋಡಿದರು. ಮುಖ್ಯ ಗಾರ್ಡು ಗಂಟಲು ಸರಿಮಾಡಿಕೊಂಡ.

"ಸಿಕ್ಕಿದ್ರು ಅಮ್ಮ. ಅವರೇನೂ ಅಳ್ತಿರಲಿಲ್ಲ. ಗಂಡನಿಗೇ ಸ್ವಲ್ಪ ಗಾಬರಿಯಾಗಿತ್ತು."

"ಸದ್ಯ, ಒಳ್ಳೇದಾಯ್ತು" ಎಂದು ಅವಳು ನಿಟ್ಟುಸಿರು ಬಿಟ್ಟಳು. ನಾನು ಸೂಜಿಯನ್ನು ದಾರದುಂಡೆಗೆ ಸಿಕ್ಕಿಸಿ ಎದ್ದೆ.