ಎರಡು ನಿಮಿಷದ ತಾಲೀಮು

ಎಲ್ಲ ಫಜೀತಿಗೂ ಮೂಲ ಜರ್ಮನಿಯಿಂದ ಬಂದ ಒಂದು ಸಾಲಿನ ಇ-ಮೇಲು: ‘ಇಲ್ಲಿ ರೈಲು ಎರಡೇ ನಿಮಿಷ ನಿಲ್ಲುತ್ತದೆ, ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಎಚ್ಚರ.’

ಕೊಂಡಾಪುರದ ಕಂಪನಿ ವಿಠಲನನ್ನು ಮೂರು ವಾರ ಜರ್ಮನಿಗೆ ಕಳಿಸುತ್ತಿತ್ತು. ಅಲ್ಲಿ ಊರಿಂದೂರಿಗೆ ರೈಲಿನಲ್ಲೇ ತಿರುಗಬೇಕು. ಹೆಂಡತಿ ಕುಮುದಾ ಕಾಚಿಗೂಡದ ಓಣಿಗೆಲ್ಲ ಪೇಢೆ ಹಂಚಿ ಆಗಿತ್ತು. ಇನ್ನು ಹೋಗದೆ ಉಳಿದರೆ ತಲೆ ಎತ್ತುವಂತಿರಲಿಲ್ಲ. ವಿಮಾನ ಇ-ಮೇಲು ಬಂದ ದಿನವೇ ಸಂಜೆ. ವಿಠಲನಿಗೋ ಸಿಟಿ ಬಸ್ಸು ಹತ್ತುವುದೇ ಸಾಹಸ. ಬಸ್ಸು ಹೋದ ಮೇಲೆ ಕೈ ಎತ್ತುವ ಜಾತಿ ತನ್ನದೆಂದು ಅವನೇ ಹೇಳಿಕೊಳ್ಳುತ್ತಿದ್ದ.

ಇ-ಮೇಲು ಬಂದದ್ದು ಅವನಿಗೆ, ಬೆವರಿದ್ದು ಕುಮುದಾ. ಕಂಪೌಂಡಿನ ಮೇಲಿಂದ ಕೂಗಿದಳು: “ಕಾಕಾ, ಇವ್ರು ಒಳಗ ಹೋಗಿ ಪೆಟ್ಟಿಗಿ ಹೊರಗ ಉಳದ್ರ ಏನ್ ಮಾಡೂದ್ರಿ?”

ಪಕ್ಕದ ಮನೆಯ ತಿಪ್ಪೇಸ್ವಾಮಿ ಕಾಕಾ ರೈಲ್ವೆ ಗಾರ್ಡಾಗಿ ನಿವೃತ್ತರಾದವರು. ನೌಕರಿ ಬಿಟ್ಟಿದ್ದರೂ ಸೀಟಿ ಬಿಟ್ಟಿರಲಿಲ್ಲ.

“ತಾಲೀಮು ಬೇಕವ್ವಾ, ತಾಲೀಮು! ಸ್ಟೇಷನ್ ಇಲ್ಲೇ ಐತಿ. ಏಳ್ರಿ ವಿಠಲರಾಯ್ರ! ಪೆಟ್ಟಿಗಿ ತುಂಬಿದ್ದ ಇರ್ಲಿ. ಖಾಲಿ ಪೆಟ್ಟಿಗಿ ಎತ್ತಿ ಏನ್ ಉಪಯೋಗ?”

ಸ್ಟೇಷನ್ನಿನಲ್ಲಿ ಮೊದಲ ಗಾಡಿ ಬಂದಾಗ ವಿಠಲ ಪೆಟ್ಟಿಗೆ ಎತ್ತುವಷ್ಟರಲ್ಲಿ ಕೆಂಪಂಗಿಯ ಕೂಲಿಯೊಬ್ಬ ಅದನ್ನು ಕಸಿದು, ಮೇಲಿನ ಬರ್ತಿನಲ್ಲಿಟ್ಟು ಕೈ ಚಾಚಿದ. ಇಳಿಸಿಕೊಟ್ಟು ಮತ್ತೊಮ್ಮೆ ಚಾಚಿದ. ಎರಡನೆಯ ಗಾಡಿಯಲ್ಲಿ ಇಳಿಯುವವರ ನೂಕುನುಗ್ಗಲು ವಿಠಲನನ್ನು ಹಿಂದಕ್ಕೆ ತಳ್ಳಿಕೊಂಡು ಹೋಗಿ ಚಹಾದಂಗಡಿಯ ಮುಂದೆ ನಿಲ್ಲಿಸಿತು.

“ಜರ್ಮನಿಯೊಳಗ ಹಿಂಗ ನಿಂತ್ರ ಚಾ ಕೇಳಾಕೂ ಬರಂಗಿಲ್ಲ ನಿಮಗ!” ಎಂದು ಕಾಕಾ ಗದರಿದರು.

ಮೂರನೆಯದು ಕರ್ನೂಲಿನ ಎಕ್ಸ್‌ಪ್ರೆಸ್. ಅಂಗಿಯ ಗುಂಡಿ ಹಾರಿತು, ಚಪ್ಪಲಿಯ ಬಾರು ಕಿತ್ತಿತು; ಆದರೆ ವಿಠಲನೂ ಒಳಗೆ, ಪೆಟ್ಟಿಗೆಯೂ ಒಳಗೆ! ಹುಟ್ಟಿದಾಗಿನಿಂದ ಏನನ್ನೂ ಗೆಲ್ಲದವನು ಕಿಟಕಿಯಿಂದ ಕೈ ಬೀಸಿದ.

“ಕಾಕಾ, ಎಷ್ಟಾತ್ರಿ?”

“ಶಾಭಾಷ್! ಎರಡು ನಿಮಿಷ ಸೈತ ಆಗಿಲ್ಲ!” ಎಂದು ಕಾಕಾ ಖುಷಿಯಿಂದ ಸೀಟಿ ಊದಿದರು. ಅದೇ ಗಳಿಗೆಗೆ ಹಿಂದಿನಿಂದ ನಿಜವಾದ ಗಾರ್ಡ್ ಕೂಡ ಊದಿದ. ಗಾಡಿ ಹೊರಟೇಬಿಟ್ಟಿತು. ಬಾಗಿಲಲ್ಲಿ ಹಾಸಿಗೆ ಸುರುಳಿ, ಎಣ್ಣೆ ಡಬ್ಬಿ, ಅವುಗಳ ಮೇಲೆ ಜನ.

“ಕಾಕಾ, ಇಳಿಯೂದು ಹ್ಯಾಂಗ್ರಿ?”

“ಅದನ್ನ ಇನ್ನಾ ಕಲಿಸಿಲ್ರೀ!” ಎಂದು ಕಾಕಾ ಪ್ಲಾಟ್‌ಫಾರ್ಮಿನುದ್ದಕ್ಕೂ ಓಡಿದರು.

ರಾಯಚೂರು ಕಡೆಯ ಟಿ.ಸಿ. ಬಂದಾಗ ವಿಠಲ ಕಿಸೆಯಲ್ಲಿದ್ದ ಒಂದೇ ಟಿಕೆಟನ್ನು ಕೊಟ್ಟ. ಆತ ಅದನ್ನು ಹಿಂದುಮುಂದು ತಿರುಗಿಸಿ ನೋಡಿದ. “ಫ್ರಾಂಕ್‌ಫರ್ಟ್? ಈ ಗಾಡಿ ಕರ್ನೂಲ್ ತನಕ ಅಷ್ಟರಿ.”

ದಂಡ ತೆತ್ತು ಮೆಹಬೂಬ್‌ನಗರದಲ್ಲಿ ಇಳಿದವನಿಗೆ ಸಿಕ್ಕಿದ್ದು ಪ್ಯಾಸೆಂಜರ್ ಗಾಡಿ. ಅದು ಕಂಡ ಕಂಡ ಹಳ್ಳಿಯಲ್ಲೆಲ್ಲ ನಿಂತು ಬಂತು. ಸಂಜೆ, ಊರು ಇನ್ನೂ ದೂರವಿರುವಾಗಲೇ, ತಲೆಯ ಮೇಲೊಂದು ವಿಮಾನ ಹಾದುಹೋಯಿತು. ವಿಠಲ ಕತ್ತೆತ್ತಿ ನೋಡಿದ. ಪರದೇಶದ ರೈಲು ತಪ್ಪೀತೆಂದು ಹೆದರಿ, ಸ್ವದೇಶದ ರೈಲು ಹತ್ತಿ, ವಿಮಾನ ತಪ್ಪಿಸಿಕೊಂಡ ಮಹಾಪುರುಷ ಜಗತ್ತಿನಲ್ಲಿ ತಾನೊಬ್ಬನೇ ಇರಬೇಕು ಎಂದುಕೊಂಡ.

ಮನೆ ಸೇರುವಷ್ಟರಲ್ಲಿ ಮ್ಯಾನೇಜರ್ ಸೂರ್ಯನಾರಾಯಣರ ಫೋನು. ಬಳ್ಳಾರಿಯವರು; ಸುಳ್ಳು ಹೇಳಿದರೆ ವಾಸನೆ ಹಿಡಿಯುವವರು. ವಿಠಲ ನಿಜವನ್ನೇ ಹೇಳಿದ: “ಸರ್, ರೈಲು ಹತ್ತೂದು ಕಲಿಯಾಕ ಹೋಗಿದ್ದೆ.”

ಅತ್ತ ಕಡೆಯಿಂದ ಒಂದೇ ಪ್ರಶ್ನೆ: “ಕಲತ್ರೇನು?”

“ಕಲತೆ ಸರ್.”

“ಛಲೋ ಆತು. ನಿಮ್ಮ ಬದಲಿ ನಮ್ಮ ಆಫೀಸಿನ ರೋಹಿತ ಹೊಂಟಾನ. ಜರ್ಮನಿಯಿಂದ ನಾಲ್ಕು ಮಂದಿ ಇಲ್ಲಿಗೆ ಬರಾಕತ್ತಾರ. ನಮ್ಮ ದೇಶಾನೆಲ್ಲ ರೈಲಿನಾಗ ತಿರುಗಿ ನೋಡಬೇಕಂತ ಅವರಿಗೆ. ಜನರಲ್ ಡಬ್ಬಿನ ಬೇಕಂತ! ಹತ್ತಿಸಾಕ ಕಲತವರೊಬ್ಬರು ಬೇಕಾಗಿತ್ತು, ನೀವ ಸಿಕ್ರಿ.”

ವಿಠಲ ಫೋನಿಟ್ಟು ಪೆಟ್ಟಿಗೆಯ ಮೇಲೆ ಕುಳಿತ.

“ಜರ್ಮನಿ ಹೋತೇನ್ರಿ?” ಎಂದು ಕುಮುದಾ ಅಳುಮೋರೆ ಮಾಡಿದಳು.

“ಎಲ್ಲಿ ಹೋತು? ಅದ ಇಲ್ಲಿಗೆ ಬರಾಕತ್ತೈತಿ.”

ಕಂಪೌಂಡಿನಾಚೆಯಿಂದ ಸೀಟಿ ಕೇಳಿಸಿತು. “ನಾಲ್ಕೂ ಮಂದೀನ ತಾಲೀಮಿಗೆ ಕರಕೊಂಡ ಬರ್ರಿ ವಿಠಲರಾಯ್ರ! ಪೆಟ್ಟಿಗಿ ತುಂಬಿದ್ದ ಇರ್ಲಿ!”